ಪಕ್ಕದ ಲ್ಯಾಬಿನ ಫ್ಲಾಸ್ಕೋ, ಪುಣೆಯ ಕೋಶವೋ?

ಧಾರವಾಡದಲ್ಲಿ ಪಿಎಚ್‌ಡಿ ಶುರು ಮಾಡಿದ್ದೀರಾ? ಪ್ರಯೋಗಕ್ಕೆ ಬೆಳೆಸೋ ಕೋಶಗಳನ್ನು ಪರಿಚಯದ ಲ್ಯಾಬಿನವರಿಂದ ತರೋದಾ, ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ಸಂಗ್ರಹದಿಂದ ತರಿಸೋದಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ಪರಿಚಯದವರದ್ದು ಪುಕ್ಕಟೆ, ಸಂಜೆ ಹೋದರೆ ಸಂಜೆಯೇ ಕೈಗೆ. ನಾನೂ ಹಾಗೇ ಒಂದು ಫ್ಲಾಸ್ಕನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಸ್ಕೂಟರ್ ಮೇಲೆ ತಂದಿದ್ದೆ. ಮಾರ್ಕರಿನಲ್ಲಿ 'ಕೆಬಿ' ಅಂತ ಬರೆದಿತ್ತು, ಅರ್ಧ ಅಳಿಸಿತ್ತು. ಬಾಯಿ ಕ್ಯಾನ್ಸರಿನ ಕೋಶ ಅಂದುಕೊಂಡೆ. ಗುಟ್ಕಾ ತಿನ್ನೋ ಸೀಮೆ, ವಿಷಯವೂ ಹೊಂದಿಕೊಂಡಿತ್ತು ಅಲ್ವಾ! ಆಮೇಲೆ ಗೊತ್ತಾಯಿತು, ಹಿಂದೆಯೇ ಹೀಲಾ ಕೋಶ ಬೆರೆತು ಈಗ ಕೆಬಿ ಅಂದರೆ ಹೀಲಾನೇ. ಹೀಲಾ ಅಂದರೆ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಕೋಶ. ಹೆಪ್-2 ಅನ್ನೋ ಇನ್ನೊಂದು ಕೋಶದ ಕಥೆಯೂ ಇದೇ.

ಪುಣೆಯದ್ದಕ್ಕೆ ದುಡ್ಡು, ಅರ್ಜಿ, ಕಾಯುವ ಕೆಲಸ. ಆದರೆ ದಾಖಲೆ ಇರುತ್ತದೆ. ಹಾಗಂತ ಹೆಸರನ್ನು ಸುಮ್ನೆ ನಂಬಬೇಡಿ, ಕೆಬಿ ಸಂಗ್ರಹಗಳಲ್ಲೂ ಸಿಗುತ್ತದೆ. ಮೊದಲು ಹೀಗೆ ಹೆಸರು ತಪ್ಪಿದ ಕೋಶಗಳ ಐಕ್ಲಾಕ್ ಪಟ್ಟಿ ನೋಡಿ, ಅದು ಉಚಿತ.

ಪುಕ್ಕಟೆಯದ್ದೇ ಬೇಕಾ? ಎಸ್‌ಟಿಆರ್ ಅನ್ನೋ ಡಿಎನ್‌ಎ ಪರೀಕ್ಷೆ ಮಾಡಿಸಿ. ಅದು ಮನುಷ್ಯರ ಕೋಶ ಯಾರದ್ದು ಅಂತ ಹೇಳುತ್ತದೆ, ಮೈಕೋಪ್ಲಾಸ್ಮಾ ಸೇರಿದೆಯಾ ಅಂತ ಹೇಳಲ್ಲ. ಈ ಬ್ಯಾಕ್ಟೀರಿಯಾಕ್ಕೆ ಕೋಶಗೋಡೆಯೇ ಇಲ್ಲ, ಪೆನಿಸಿಲಿನ್ ನಾಟಲ್ಲ. ಮೀಡಿಯಾ, ಅಂದರೆ ಕೋಶ ಬೆಳೆಸೋ ದ್ರವ, ಸಾಮಾನ್ಯವಾಗಿ ಕದಡೋದೂ ಇಲ್ಲ. ಅದನ್ನು ಹಿಡಿಯೋಕೆ ಪಿಸಿಆರ್ ಅನ್ನೋ ಪರೀಕ್ಷೆ ಬೇರೆ ಮಾಡಿಸಬೇಕು.

ನಾನಾದರೆ ಪುಣೆಯದ್ದೇ ತರಿಸುತ್ತೇನೆ. ಬೆಳೆದ ಕೂಡಲೇ ನಾಲ್ಕಾರು ವಯಲ್ ಫ್ರೀಜ್ ಮಾಡಿಡಿ.