ಸೇಡಂ ರಸ್ತೆಯ ಕಲ್ಲು, ಬಾನೆಟ್ ಮೇಲೆ ಮೂರು ಬಗೆಯ ಹೊದಿಕೆ

ಕಲಬುರಗಿಯಿಂದ ಸೇಡಂಗೆ ದಿನವೂ ಹೋಗಿಬರುವವರ ಕಾರು ಮುಂದಿನಿಂದಲೇ ಗುರುತು ಸಿಗುತ್ತದೆ. ಬಾನೆಟ್‌ನ ಮುಂದಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಬೂದು ಚುಕ್ಕೆಗಳು ಎದ್ದಿರುತ್ತವೆ. ಮಳಖೇಡ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೆ ಓಡುವ ಲಾರಿಗಳು, ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತ ಟ್ರ್ಯಾಕ್ಟರ್‌ಗಳು, ತಾಡಪತ್ರಿ ಹೊದಿಸದೆ ಖಡಿ (ಜಲ್ಲಿಕಲ್ಲು) ತುಂಬಿಕೊಂಡು ಹೋಗುವ ಟಿಪ್ಪರ್‌ಗಳು, ಇವೆಲ್ಲವೂ ಇದೇ ರಸ್ತೆಯಲ್ಲಿವೆ. ಅವುಗಳಿಂದ ಹಾರುವ ಕಲ್ಲು ಬಡಿದು ಬಣ್ಣ ಕಿತ್ತ ಗುರುತುಗಳೇ ಆ ಚುಕ್ಕೆಗಳು. ಆರು ವರ್ಷ, ಎರಡು ಕಾರು. ಬಣ್ಣ ಉಳಿಸಿಕೊಳ್ಳಲು ಮೂರು ಬಗೆಯ ಹೊದಿಕೆಗೆ ಕೈಯಿಂದ ಹಣ ಹಾಕಿ ನೋಡಿದ್ದೇನೆ.

ಮೊದಲ ಕಾರು ಕಡುಗೆಂಪು. ಅದಕ್ಕೆ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚಿದಾಗ ಗಟ್ಟಿಯಾಗುವ ದ್ರವದ ಲೇಪ, ಮಾಡಿಸಿದೆ, ಹದಿನಾಲ್ಕು ಸಾವಿರ ಕೊಟ್ಟೆ. ಹೊಳಪು ನಿಜಕ್ಕೂ ಚೆನ್ನಾಗಿತ್ತು. ಈ ಭಾಗದ ಸುಣ್ಣಕಲ್ಲಿನ ಧೂಳು ಪೈಪಿನ ನೀರು ಬಿಟ್ಟ ಕೂಡಲೇ ಜಾರಿ ಹೋಗುತ್ತಿತ್ತು. ಆದರೆ ನಾಲ್ಕೇ ತಿಂಗಳಲ್ಲಿ ಬಾನೆಟ್ ಮೇಲೆ ಹನ್ನೊಂದು ಚುಕ್ಕೆ ಎಣಿಸಿದೆ. "ಗಾಜಿನಷ್ಟು ಗಟ್ಟಿ ಸರ್" ಎಂದು ಅಂಗಡಿಯಲ್ಲಿ ಹೇಳಿದ್ದನ್ನು ನಾನು ಕಲ್ಲು ತಡೆಯುತ್ತದೆ ಎಂದು ತಿಳಿದುಕೊಂಡಿದ್ದೆ. ಲೆಕ್ಕ ನೋಡಿದರೆ ವಿಷಯ ಸರಳ. ಕಾರ್ಖಾನೆಯ ಬಣ್ಣದ ಎಲ್ಲಾ ಪದರ ಸೇರಿ ಸುಮಾರು 100ರಿಂದ 120 ಮೈಕ್ರಾನ್ ಇರುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅದರ ಮೇಲಿನ ಸೆರಾಮಿಕ್ ಪದರ ಒಂದೆರಡು ಮೈಕ್ರಾನ್ ಅಷ್ಟೆ. ಎಂಬತ್ತರ ವೇಗದಲ್ಲಿ ಎದುರಾಗುವ ಖಡಿಯ ಚೂರಿಗೆ ಅದು ಏನು ಅಡ್ಡಿ ಮಾಡೀತು? ಧೂಳಿಗೆ, ಬಿಸಿಲಿಗೆ, ಹಕ್ಕಿಯ ಹಿಕ್ಕೆಗೆ ಸೆರಾಮಿಕ್ ಒಳ್ಳೆಯದು. ಕಲ್ಲಿನ ಹೊಡೆತಕ್ಕಾಗಿ ಅದನ್ನು ಯಾರೂ ಮಾಡಿಸಬಾರದು.

ಎರಡನೆಯದು ಬಿಳಿ ಕಾರು. ಈ ಸಲ ಫಿಲ್ಮ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ, ಎಂದು ನಿರ್ಧರಿಸಿದ್ದೆ, ಆದರೆ ಅಗ್ಗದ ಕಡೆ ವಾಲಿದೆ. ಬಾನೆಟ್ ಮತ್ತು ಬಂಪರ್‌ಗೆ ಒಂಬತ್ತು ಸಾವಿರದ ಪಿವಿಸಿ ಎಂಬ ಪ್ಲಾಸ್ಟಿಕ್‌ನ ಫಿಲ್ಮ್. ಮೊದಲ ವರ್ಷ ಅದು ಸಣ್ಣ ಕಲ್ಲುಗಳನ್ನು ತಡೆದದ್ದು ನಿಜ. ಅದನ್ನು ಕೊಂದದ್ದು ನಮ್ಮ ಬೇಸಿಗೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ನಲವತ್ತೆರಡು ಡಿಗ್ರಿ ದಾಟುತ್ತದೆ. ಬಯಲಲ್ಲಿ ನಿಂತ ಕಾರಿನ ಬಾನೆಟ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಎರಡನೆಯ ಬೇಸಿಗೆ ಮುಗಿಯುವಾಗ ಬಿಳಿ ಬಾನೆಟ್ ಹಳೆಯ ಪುಸ್ತಕದ ಹಾಳೆಯ ಬಣ್ಣಕ್ಕೆ ತಿರುಗಿತ್ತು. ಬಾಗಿಲುಗಳು ಮಾತ್ರ ಮೊದಲಿನ ಹಾಗೆ ಬೆಳ್ಳಗೆ. ಫಿಲ್ಮ್ ಪೆಡಸಾಗಿ, ಕಲ್ಲು ಬಿದ್ದಲ್ಲಿ ಬಿರುಕು ಬಿಡತೊಡಗಿತು. ಕೀಳಿಸಲು ಹೋದರೆ ಒಂದೇ ಹಾಳೆಯಾಗಿ ಬರಲಿಲ್ಲ, ಉಗುರಿನಷ್ಟು ತುಂಡುಗಳಾಗಿ ಬಂತು. ಉಳಿದ ಅಂಟನ್ನು ಬಿಸಿಗಾಳಿ ಕೊಟ್ಟು, ದ್ರಾವಣ ಹಚ್ಚಿ ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು. ಆ ಕೂಲಿಯನ್ನೂ ಸೇರಿಸಿದರೆ ಅಗ್ಗ ಎಂಬ ಮಾತಿಗೆ ಅರ್ಥವಿಲ್ಲ.

ಅದೇ ಕಾರಿಗೆ, ಅದೇ ಬಾನೆಟ್‌ಗೆ ಆಮೇಲೆ ಟಿಪಿಯು ಎಂಬ ಇನ್ನೊಂದು ಫಿಲ್ಮ್ ಹಾಕಿಸಿದೆ. ಬಾನೆಟ್ ಪೂರ್ತಿ, ಬಂಪರ್, ಎರಡು ಬದಿಯ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಕನ್ನಡಿಗಳ ಬೆನ್ನು ಸೇರಿ ಮೂವತ್ತೆಂಟು ಸಾವಿರ. ಇದು ಪಾಲಿಯುರೆಥೇನ್ ಜಾತಿಯ ಫಿಲ್ಮ್. ದಪ್ಪ 150ರಿಂದ 200 ಮೈಕ್ರಾನ್, ಅಂದರೆ ಕಾರಿನ ಬಣ್ಣಕ್ಕಿಂತಲೂ ಹೆಚ್ಚು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್‌ನ ರೆಕ್ಕೆಗಳನ್ನು ಮರಳು, ಕಲ್ಲುಗಳಿಂದ ಉಳಿಸಲು ಬಳಸಿದ ಪಾಲಿಯುರೆಥೇನ್ ಫಿಲ್ಮ್‌ನ ವಂಶದ್ದೇ ಇದು. ಹೊಡೆತವನ್ನು ಎದುರಿಸಿ ನಿಲ್ಲುವುದಲ್ಲ, ರಬ್ಬರಿನ ಹಾಗೆ ತಗ್ಗಿ ಮತ್ತೆ ಏಳುವುದು ಇದರ ಗುಣ.

ಕಳೆದ ಡಿಸೆಂಬರಿನಲ್ಲಿ ಕಾಗಿಣಾ ನದಿಯ ಸೇತುವೆ ದಾಟಿದ ಮೇಲೆ ಮುಂದಿನ ಟಿಪ್ಪರ್‌ನಿಂದ ಒಂದು ಚೂರು ಹಾರಿ ಠಣ್ಣೆಂದು ಬಾನೆಟ್‌ಗೆ ಬಡಿಯಿತು. ಸೇಡಂ ತಲುಪಿ ಇಳಿದು ನೋಡಿದೆ. ಬೆರಳಾಡಿಸಿದರೆ ಫಿಲ್ಮ್‌ನಲ್ಲಿ ಅಕ್ಕಿಕಾಳಿನಷ್ಟು ಸೀಳು ತಾಗುತ್ತಿತ್ತು, ಕೆಳಗಿನ ಬಿಳಿ ಬಣ್ಣ ಹಾಗೇ ಇತ್ತು. ಅದರ ಪಕ್ಕದಲ್ಲಿ ಒಣ ಬಟ್ಟೆಯಿಂದ ಒರೆಸಿ ನಾನೇ ಮಾಡಿದ ತೆಳು ಗೀರುಗಳಿದ್ದವು. ಮನೆಗೆ ಬಂದು ಬಿಸಿನೀರು ಸುರಿದಾಗ ಆ ಗೀರುಗಳು ಕಣ್ಣೆದುರೇ ಕರಗಿಹೋದವು. ಸೀಳು ಮಾತ್ರ ಉಳಿಯಿತು. ಮೇಲ್ಮೈಯ ಗೀರು ಬಿಸಿಗೆ ಕೂಡಿಕೊಳ್ಳುತ್ತದೆ, ಕತ್ತರಿಸಿಹೋದದ್ದು ಕೂಡುವುದಿಲ್ಲ. ಮಾರುವವರು ಈ ಎರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ.

ಅರ್ಧ ಬಾನೆಟ್‌ಗೆ ಮಾತ್ರ ಟಿಪಿಯು ಹಾಕಿದರೆ ಹಣ ಉಳಿಯುತ್ತದೆ. ನನ್ನ ತಮ್ಮ ಹಾಗೆಯೇ ಮಾಡಿಸಿದ್ದಾನೆ. ಕಲ್ಲು ಹೆಚ್ಚಾಗಿ ಬೀಳುವುದು ಮುಂದಿನ ಒಂದೂವರೆ ಅಡಿಗೇ ಆದ್ದರಿಂದ ರಕ್ಷಣೆಯಲ್ಲಿ ಅಂಥ ಕೊರತೆ ಕಂಡಿಲ್ಲ. ಆದರೆ ಫಿಲ್ಮ್ ಮುಗಿಯುವ ಗೆರೆಯಲ್ಲಿ ಎರೆಮಣ್ಣಿನ ಧೂಳು ಕೂತು, ಬಿಳಿ ಕಾರಿನ ಮೇಲೆ ಅಡ್ಡಲಾಗಿ ಪೆನ್ಸಿಲ್ ಎಳೆದಂತೆ ಕಾಣುತ್ತದೆ. ಕಣ್ಣಿಗೆ ಕಿರಿಕಿರಿ ಎನ್ನುವವರು ಪೂರ್ತಿ ಹಾಕಿಸಿ ಅಂಚನ್ನು ಒಳಗೆ ಮಡಿಸಲು ಹೇಳಬೇಕು. ಹಣ ತೀರಾ ಬಿಗಿಯಿದ್ದರೆ ಬಂಪರ್ ಬಿಟ್ಟು ಬಾನೆಟ್‌ನ ಅಂಚಿಗೆ ಹಾಕಿಸಿ ಎನ್ನುತ್ತೇನೆ. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ. ಬಾನೆಟ್ ಸಾಮಾನ್ಯವಾಗಿ ತಗಡು.

ಕೊಳ್ಳುವ ಮೊದಲು ಅಂಗಡಿಯಲ್ಲಿ ಒಂದು ತುಂಡು ಕೇಳಿ ಪಡೆದು ಎಳೆದು ನೋಡಿ. ಟಿಪಿಯು ಹಿಗ್ಗಿ ಹಿಂದಕ್ಕೆ ಬರುತ್ತದೆ, ಪಿವಿಸಿ ಹಿಗ್ಗಿದಲ್ಲೇ ಉಳಿಯುತ್ತದೆ. ಹಾಕುವ ಕೋಣೆ ಮುಚ್ಚಿರಬೇಕು. ನಮ್ಮ ಗಾಳಿಯ ಧೂಳು ಒಂದು ಕಣ ಒಳಗೆ ಸೇರಿದರೂ ಫಿಲ್ಮ್ ಇರುವವರೆಗೂ ಕಾಣುತ್ತಿರುತ್ತದೆ. ನನ್ನ ಕಾರಿಗೆ ಹಾಕಿದ ಹುಡುಗ ಮೊದಲು ಕೇಳಿದ್ದು, "ಸರ್, ಈ ಬಾನೆಟ್‌ಗೆ ಹೊರಗೆ ಎಲ್ಲಾದರೂ ಬಣ್ಣ ಹೊಡೆಸಿದ್ದೀರಾ?" ಎಂದು. ಮರುಬಣ್ಣದ ಮೇಲೆ ಹಾಕಿದ ಫಿಲ್ಮ್ ಕೀಳುವಾಗ ಬಣ್ಣವೂ ಜೊತೆಗೆ ಎದ್ದು ಬರಬಹುದು. ಆ ಪ್ರಶ್ನೆ ಕೇಳದ ಅಂಗಡಿಗೆ ನಾನು ಕಾರು ಬಿಡುವುದಿಲ್ಲ.

ಬಾಗಿಲಿನ ಕೆಳಗಿನ ಪಟ್ಟಿಗೆ ಏನೂ ಹಾಕಿಸಿರಲಿಲ್ಲ. ಮುಂದಿನ ಟೈರು ಎರಚುವ ಕಲ್ಲಿನಿಂದ ಅಲ್ಲಿ ಈಗ ಏಳು ಚುಕ್ಕೆಗಳಿವೆ, ಎರಡರಲ್ಲಿ ತುಕ್ಕು ಶುರುವಾಗಿದೆ. ಮಳೆಗಾಲಕ್ಕೆ ಮೊದಲು ತುಕ್ಕು ಉಜ್ಜಿಸಿ, ಬಣ್ಣ ತುಂಬಿಸಿ, ಅದು ಪೂರ್ತಿ ಒಣಗಿದ ಮೇಲೆ ಅಲ್ಲಿಗೂ ಟಿಪಿಯು ಪಟ್ಟಿ ಹಾಕಿಸುತ್ತಿದ್ದೇನೆ.