ಬಿಲ್ಲು ಮಾಡಲು ಬ್ಯಾಂಡ್ ಸಾ ಕೊಳ್ಳುವವರೇ, ಮೋಟರಿನ ಫಲಕ ಓದದೆ ಹಣ ಕೊಡಬೇಡಿ

ಮನೆಯಲ್ಲೇ ಮರದ ಬಿಲ್ಲು ಮಾಡಬೇಕೆಂದು ಬ್ಯಾಂಡ್ ಸಾ (ಪಟ್ಟಿಯಂಥ ಬ್ಲೇಡ್ ಸುತ್ತುತ್ತಾ ಮರ ಕೊಯ್ಯುವ ಗರಗಸದ ಯಂತ್ರ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಅಂಗಡಿಯವರು ನನಗೆ ಹಸಿ ಸುಳ್ಳು ಹೇಳಿ ಯಂತ್ರ ಮಾರಿದರು. ಸುಳ್ಳು ಎಂದೇ ಬರೆಯುತ್ತಿದ್ದೇನೆ, ಇದಕ್ಕೆ ಬೇರೆ ಹೆಸರಿಲ್ಲ.

ಕೊಳ್ಳುವ ಮೊದಲೇ ಬಿಡಿಸಿ ಕೇಳಿದ್ದೆ: ಗಟ್ಟಿಮರ, ಆಳೆತ್ತರದ ದಿಮ್ಮಿ, ಬಿಲ್ಲಿನ ತೋಳುಗಳನ್ನು (ಹಿಡಿಯ ಎರಡೂ ಬದಿಯ ಬಾಗುವ ಭಾಗಗಳನ್ನು) ಉದ್ದಕ್ಕೂ ಸೀಳಬೇಕು, ತಡೆಯುತ್ತದೆಯೇ? "ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ ಸರ್, ಬಿಲ್ಲು ಮಾಡುವವರೆಲ್ಲ ಇದನ್ನೇ ಒಯ್ಯುವುದು" ಎಂದರು. ಪೆಟ್ಟಿಗೆಯ ಮೇಲೆ 800 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿತ್ತು.

ಮೊದಲ ತೋಳು ಅರ್ಧ ಸೀಳುವಷ್ಟರಲ್ಲೇ ಮೋಟರ್ ನರಳತೊಡಗಿತು. ಸುಟ್ಟ ವಾಸನೆ ಬಂತು, ನಿಂತೇಹೋಯಿತು. ಬ್ಲೇಡ್ ಮರದೊಳಗೇ ಸಿಕ್ಕಿಕೊಂಡಿತ್ತು. ಯಂತ್ರವನ್ನು ವಾಲಿಸಿ ನೋಡಿದರೆ, ಮೋಟರಿನ ಅಡಿಯಲ್ಲಿ ನೆಲಕ್ಕೆ ಮುಖ ಮಾಡಿ ಅಂಟಿಸಿದ ಪುಟ್ಟ ಫಲಕ: ಎಸ್2, 10 ನಿಮಿಷ. ಅಂದರೆ ಆ 800 ವ್ಯಾಟ್ ಸಿಗುವುದು ಬರೀ 10 ನಿಮಿಷ, ಆಮೇಲೆ ಪೂರ್ತಿ ತಣ್ಣಗಾಗುವವರೆಗೆ ಅದನ್ನು ಮುಟ್ಟಬಾರದು! ಎಡೆಬಿಡದೆ ಓಡುವ ಮೋಟರಿಗೆ ಎಸ್1 ಎಂದು ಬರೆದಿರುತ್ತದೆ. ಪೆಟ್ಟಿಗೆಯ ಮೇಲೆ ಇದರ ಸುಳಿವೇ ಇಲ್ಲ. ನೆಲದ ಮೇಲೆ ಮಂಡಿಯೂರಿ ಆ ಫಲಕ ಓದಿದಾಗ ಮುಖಕ್ಕೆ ಹೊಡೆದಂತಾಯಿತು.

ಮರವನ್ನು ಬಿಡಿಸಿ ತೆಗೆದಾಗ ಇನ್ನೂ ಹೊಟ್ಟೆ ಉರಿಯಿತು. ಮೇಲಿನಿಂದ ನೋಡಿದರೆ ಕೊಯ್ತ ಗೆರೆಯ ಮೇಲೇ ಇದೆ. ತಿರುಗಿಸಿದರೆ, ಕೆಳಗಿನ ಅಂಚಿನಲ್ಲಿ ಬ್ಲೇಡ್ 2 ಮಿಲಿಮೀಟರ್ ಒಳಕ್ಕೆ ನುಗ್ಗಿದೆ. 20 ಮಿಲಿಮೀಟರ್ ಇರಬೇಕಾದ ತೋಳು ಆ ಅಂಚಿನಲ್ಲಿ 18. ಬಾಗುವಿಕೆಗೆ ಮರ ಒಡ್ಡುವ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ; ಆ ಭಾಗವನ್ನು ಸಮಮಾಡಿ 18ಕ್ಕೆ ಇಳಿಸಿದರೆ ಅಲ್ಲಿ ಬಿಗಿ ಶೇ. 27ರಷ್ಟು ಹೋಯಿತು. ಇನ್ನೊಂದು ತೋಳನ್ನೂ ಅದಕ್ಕೆ ಸರಿಯಾಗಿ ತೆಳುಮಾಡಬೇಕು. ಬಿಲ್ಲಿನ ಬೆನ್ನಿನ, ಅಂದರೆ ಗುರಿಯ ಕಡೆಗಿರುವ ಮೈಯ, ಒಂದೇ ಒಂದು ಬೆಳವಣಿಗೆ ಉಂಗುರ ತುಂಡಾಗದಂತೆ, ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ ಕೈಯಾರೆ ಕೆತ್ತಿದ ದಿಮ್ಮಿ ಅದು. ಅದನ್ನು ಯಾರು ತಂದುಕೊಡುತ್ತಾರೆ?

ಯಂತ್ರದ ಜೊತೆ ಕೊಟ್ಟ ಬ್ಲೇಡಿಗೆ ಇಂಚಿಗೆ 14 ಹಲ್ಲು. ಇಷ್ಟು ದಪ್ಪದ ಮರಕ್ಕೆ ಬೇಕಾದದ್ದು 3ರಿಂದ 4. ಸಣ್ಣ ಹಲ್ಲಿನ ಸಂದಿಯಲ್ಲಿ ಮರದ ಪುಡಿ ತುಂಬಿಕೊಳ್ಳುತ್ತದೆ, ಬ್ಲೇಡ್ ಬಿಸಿಯಾಗುತ್ತದೆ, ದಾರಿ ತಪ್ಪುತ್ತದೆ. ಬಿಲ್ಲಿಗೆಂದು ಕೇಳಿದವರಿಗೆ ಇದನ್ನು ಕೊಡುತ್ತಾರೆಯೇ?

ಫೋನ್ ಮಾಡಿದೆ. "ನೀವು ಮರವನ್ನು ಜೋರಾಗಿ ತಳ್ಳಿದ್ದೀರಿ" ಎಂದರು. ಫಲಕದ ವಿಷಯ ಎತ್ತಿದೆ. "ಮೋಟರ್ ಬಿಸಿಯಾದರೆ ಆರಲು ಬಿಡಬೇಕು ಸರ್, ಎಲ್ಲರಿಗೂ ಗೊತ್ತಿರುವ ವಿಷಯ." ಬ್ಲೇಡ್? "ಬ್ಲೇಡಿಗೆ ವಾರಂಟಿ ಇಲ್ಲ." ಬಿಲ್ಲು ಮಾಡುವವರೆಲ್ಲ ಒಯ್ಯುತ್ತಾರೆ ಎಂದು ನೀವೇ ಹೇಳಿದಿರಲ್ಲ ಎಂದರೆ, ಸ್ವಲ್ಪವೂ ಅಳುಕದೆ, "ಬಿಲ್ಲಿಗೆ ಎಂದು ನಾವು ಎಲ್ಲಿ ಬರೆದಿದ್ದೇವೆ, ತೋರಿಸಿ" ಎಂದರು. ತೋರಿಸಿ! ಬಾಯಿಂದ ಆಡಿದ ಮಾತನ್ನು ನಾನು ಎಲ್ಲಿಂದ ತೋರಿಸಲಿ? ಆಮೇಲೆ ನನ್ನ ಕರೆಯನ್ನೇ ತೆಗೆದುಕೊಳ್ಳಲಿಲ್ಲ.

ಬ್ಯಾಂಡ್ ಸಾ ಆಗಲಿ, ಮರ ಉಜ್ಜಿ ನಯಮಾಡುವ ಬೆಲ್ಟ್ ಸ್ಯಾಂಡರ್ ಆಗಲಿ, ಪೆಟ್ಟಿಗೆ ನೋಡಬೇಡಿ, ಮೋಟರಿನ ಫಲಕ ನೋಡಿ. ಎಸ್1 ಇದ್ದರೆ ಮುಂದಿನ ಮಾತು. ಎಸ್6, ಶೇ. 40 ಎಂದಿದ್ದರೆ ಪ್ರತಿ 10 ನಿಮಿಷದಲ್ಲಿ 4 ನಿಮಿಷ ಮಾತ್ರ ಮರ ಕೊಯ್ಯಬಹುದು, ಉಳಿದ 6 ನಿಮಿಷ ಬರಿದೇ ಓಡಬೇಕು. ಎಸ್2 ಆದರೆ ಬೇಡವೇ ಬೇಡ. ನಿಮ್ಮದೇ ಗಟ್ಟಿಮರದ ತುಂಡೊಂದನ್ನು ಒಯ್ದು, ಅವರ ಎದುರೇ ಸೀಳಿಸಿ, ತಿರುಗಿಸಿ ಕೆಳಗಿನ ಅಂಚನ್ನು ಅಳೆಯಿರಿ. ಬಿಲ್ಲಿನ ಕೆಲಸಕ್ಕೆ ಆಗುತ್ತದೆ ಎಂದು ರಸೀದಿಯ ಮೇಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಹಣ ತೆಗೆಯಬೇಡಿ, ಎದ್ದು ಬನ್ನಿ.