ಮಾಳಿಗೆ ಕೋಣೆಗೆ ಎಚ್‌ಒ ರೈಲೋ, ಎನ್ ರೈಲೋ?

ಸುಬ್ರಹ್ಮಣ್ಯ ರೋಡ್–ಸಕಲೇಶಪುರ ಘಾಟಿಯ ರೈಲುದಾರಿಯ ಒಂದು ತುಂಡನ್ನು, ಓಡುವ ಪುಟ್ಟ ಮಾದರಿ ರೈಲಿನ ಜೊತೆ, ಮಂಗಳೂರಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕಟ್ಟಲು ಹೊರಟವನು ಎರಡು ಅಳತೆಯಲ್ಲಿ ಎರಡು ಸಲ ಕಟ್ಟಿದೆ. ಮೊದಲು ಎಚ್‌ಒ, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು. ಆಮೇಲೆ ಎನ್, 160ರಲ್ಲಿ ಒಂದು ಪಾಲು. ಎರಡನ್ನೂ ಮಳೆಗಾಲದಲ್ಲಿ ಓಡಿಸಿ ನೋಡಿದ್ದೇನೆ.

ಜಾಗದ ಲೆಕ್ಕದಲ್ಲಿ ಎನ್‌ದೇ ಗೆಲುವು. ಎಚ್‌ಒದಲ್ಲಿ 18 ಇಂಚು ತ್ರಿಜ್ಯದ ತಿರುವಿಗೂ ಸುಮಾರು ನಾಲ್ಕಡಿ ಅಗಲದ ಹಲಗೆ ಬೇಕು. ನಮ್ಮ ಹಳೆಯ ನೀಲಿ ಬೋಗಿ ಒಂದೇ 24 ಸೆಂ.ಮೀ. ದಾಟುತ್ತದೆ. ಅಂಥ ತಿರುವಿನಲ್ಲಿ ಅರ್ಧ ಬೋಗಿ ಹಳಿಯಿಂದ ಹೊರಗೇ ಜೋತಾಡುತ್ತದೆ. ಎನ್‌ನಲ್ಲಿ ಅದೇ ಬೋಗಿ 13 ಸೆಂ.ಮೀ.

ಏರಿನಲ್ಲಂತೂ ಕೇಳಲೇಬೇಡಿ. ಘಾಟಿಯ ಏರು 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಒಂದು ಹಳಿಯ ಮೇಲಿಂದ ಇನ್ನೊಂದನ್ನು ದಾಟಿಸಲು ಎಚ್‌ಒಗೆ ಸುಮಾರು 75 ಮಿ.ಮೀ. ಎತ್ತರ ಬೇಕು. ಅಂದರೆ ಮೂರು ಮುಕ್ಕಾಲು ಮೀಟರ್ ಏರುಹಳಿ. ನಮ್ಮ ಕೋಣೆಯೇ ಅಷ್ಟು ಉದ್ದ ಇಲ್ಲ! ನಾನು 30ಕ್ಕೆ 1 ಏರು ಹಾಕಿ ಮೋಸ ಮಾಡಿದೆ. ಐದು ಬೋಗಿ ಎಳೆಯುವಾಗ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸಿತು. ಎನ್‌ಗೆ 45 ಮಿ.ಮೀ. ಸಾಕು. ಎರಡೂಕಾಲು ಮೀಟರಿನಲ್ಲಿ ಕೆಲಸ ಆಯಿತು.

ಇನ್ನೊಂದು ಮಾತು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಗಲ 1,676 ಮಿ.ಮೀ. ಎಚ್‌ಒದಲ್ಲಿ ಅದು 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5. ಹಾಗಾಗಿ ನಮ್ಮ ಎಂಜಿನ್ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಎನ್‌ನಲ್ಲೂ ಇದೇ ಕಥೆ, ಆದರೆ ಅಷ್ಟು ಸಣ್ಣದರಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮ್ಮ ನೋಡಿ, "ಎಂತ ಮಗಾ ಇದು, ಇರುವೆ ಸಾಲಾ?" ಅಂದರು.

ಹಾಗಾದರೆ ಎನ್ ಹಾಕಿ ಸುಮ್ನೆ ಇರಬಹುದಿತ್ತು, ಅಲ್ವಾ? ಜೂನ್ ಬಂತು.

ಈ ರೈಲುಗಳಿಗೆ ಕರೆಂಟು ಹಳಿಯಿಂದ ಚಕ್ರಕ್ಕೆ ಹೋಗಬೇಕು. ನನ್ನ ಎಚ್‌ಒದ ಮೊದಲ ಹಳಿ ಹಿತ್ತಾಳೆಯದು, ಸೆಕೆಂಡ್‌ಹ್ಯಾಂಡ್. ಜಡಿಮಳೆಯ ಒಂದೇ ವಾರಕ್ಕೆ ಕಪ್ಪಾಯಿತು. ನಿಕ್ಕಲ್ ಸಿಲ್ವರ್ ಹಳಿಗೆ ಬದಲಾಯಿಸಿದೆ. ಹೆಸರಲ್ಲಿ ಮಾತ್ರ ಬೆಳ್ಳಿ. ಒಳಗೆ ಇರುವುದು ತಾಮ್ರ, ನಿಕ್ಕಲ್, ಸತು. ಆಮೇಲೆ ವಾರಕ್ಕೊಮ್ಮೆ ಒರೆಸಿದರೆ ಎಚ್‌ಒ ಓಡಿತು. ಎನ್‌ಗೂ ಅದೇ ಲೋಹದ ಹಳಿ ಹಾಕಿದ್ದೆ. ಆದರೆ ಎಂಜಿನ್ ಹಗುರ, ಚಕ್ರ ಪುಟ್ಟದು. ಹಳಿ ಮೇಲೆ ಚೂರು ಕೊಳೆ ಇದ್ದರೂ ನಿಂತುಬಿಡುತ್ತದೆ, ಅದೂ ಹಳಿ ಕವಲೊಡೆಯುವ ಜಾಗದಲ್ಲೇ. ದಿನಾ ಸಂಜೆ ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಬಟ್ಟೆ, ನಾನು. ಹಳಿ ತಪ್ಪಿದ ಬೋಗಿಯನ್ನು ಕೂರಿಸಲು ಕನ್ನಡಕ ಬೇರೆ.

ಎಚ್‌ಒದ ಪ್ಲೈವುಡ್ ಹಲಗೆ ತೇವಕ್ಕೆ ಉಬ್ಬಿ ಕೀಲುಗಳು ಎದ್ದವು, ನಿಜ. ಎನ್ ಇದ್ದದ್ದು ಗಟ್ಟಿ ಫೋಮ್ ಮೇಲೆ, ಅದು ಅಲ್ಲಾಡಲಿಲ್ಲ. ಅದು ಹಲಗೆಯ ಗುಣ, ರೈಲಿನದಲ್ಲ. ದುಡ್ಡಿನ ವಿಷಯಕ್ಕೆ ಬಂದರೆ ಎರಡೂ ಜೇಬಿಗೆ ಕತ್ತರಿಯೇ.

ಈಗ ಘಾಟಿ ಎನ್‌ನಲ್ಲೇ ಇದೆ, ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದ್ದುಕೊಂಡು. ಎಚ್‌ಒಗೆ ಏರಿಲ್ಲ, ತಿರುವಿಲ್ಲ. ಗೋಡೆ ಪಕ್ಕ ಫೋಮ್ ಮೇಲೆ ಒಂದು ನೇರ ಹಳಿ, ಒಂದು ಸಣ್ಣ ಸ್ಟೇಷನ್, ಅಷ್ಟೇ. ಈ ಸಲ ಜಡಿಮಳೆಯ ಆಟಿ ತಿಂಗಳಲ್ಲಿ ಓಡಿದ್ದು ಅದೊಂದೇ.